ಕತೆಯ ಕೆಳಗಿನ ಒತ್ತು

ಕಳಸ
೧೨ ಸೆಪ್ಟೆಂಬರ್ ೧೯೯೮

ವಿಮಲಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ತಾನಾಗಿಯೇ ಹೊರಟಿತು. ತಡೆದೆ. ಮೂರು ವರ್ಷ ಮಾತಿಲ್ಲದೆ ಕಳೆದವಳಿಗೆ ಸುಳ್ಳಿನಿಂದ ಶುರು ಮಾಡುವುದು ಬೇಡ.

ನನಗೆ ಓದಲು ಬರುವುದಿಲ್ಲ.

ಈ ಸಾಲನ್ನು ನೀನು ಎರಡು ಸಲ ಓದುತ್ತೀ ಎಂದು ಗೊತ್ತು. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ, ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ನಿನ್ನ ದೀಪ ಆರಿಸಲು ಬಿಡದೆ ಓದುತ್ತಿದ್ದ ತ್ರಿಪುರಸುಂದರಿಗೆ ಓದಲು ಬರುವುದಿಲ್ಲ. ಬರೆಯಲು ಬರುತ್ತದೆ. ನೋಡು, ಬರೆಯುತ್ತಿದ್ದೇನೆ. ಸಾಲು ಸ್ವಲ್ಪ ಏರುಪೇರಾಗಿರಬಹುದು, ಆದರೆ ಕೈಗೆ ಎಲ್ಲ ನೆನಪಿದೆ. ಪೆನ್ನು ಎತ್ತಿ ಬರೆದದ್ದನ್ನು ನೋಡಿದರೆ ಮಾತ್ರ ಏನೂ ಇಲ್ಲ. ಸುರುಳಿ, ಕೊಂಡಿ, ಸೊನ್ನೆ. ಯಾರದೋ ಅಂಗಳದ ರಂಗೋಲಿಯ ಹಾಗೆ. ಚೆಂದವೇ ಇದೆ. ಅರ್ಥವಿಲ್ಲ.

ಆದದ್ದು ಹೀಗೆ. ಆಗಸ್ಟ್ ತಿಂಗಳ ಆ ಜಡಿಮಳೆಯ ವಾರ. ಹೊಳೆ ತುಂಬಿ ಆಚೆ ದಡದ ಮಕ್ಕಳು ಬಂದಿರಲಿಲ್ಲ. ಒಂಬತ್ತನೇ ತರಗತಿಗೆ ವ್ಯಾಕರಣ. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿತ್ತು. ಬೋರ್ಡಿನ ಮೇಲೆ ‘ಲೋಪಸಂಧಿ’ ಎಂದು ಬರೆದೆ, ಕೆಳಗೆ ಉದಾಹರಣೆ ಬರೆದೆ, ಮೇಜಿನ ಮೇಲಿದ್ದ ನೀರು ಕುಡಿಯಲು ತಿರುಗಿದೆ. ಮತ್ತೆ ಬೋರ್ಡು ನೋಡಿದರೆ ಅಲ್ಲಿ ಬರೀ ಬಿಳಿಯ ಗೀಚು.

“ಯಾರು ಇದನ್ನ ಗೀಚಿದ್ದು?” ಎಂದು ಗದರಿದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಎದ್ದು, “ನೀವೇ ಬರ್ದದ್ದಲ್ವಾ ಟೀಚರ್” ಎಂದಳು.

ಮಂಗಳೂರಿಗೆ ಕರೆದುಕೊಂಡು ಹೋದರು. ತಲೆಯ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆಯಂತೆ. ಬಲಗಡೆಯ ನೋಟವೂ ಅರ್ಧ ಹೋಗಿದೆ, ಬಾಗಿಲ ದಾರಂದಕ್ಕೆ ಭುಜ ತಾಗಿಸಿಕೊಳ್ಳುತ್ತಿರುತ್ತೇನೆ. ಡಾಕ್ಟರು ಒಳ್ಳೆಯವರು. ನಮ್ಮ ಕಡೆಯವಳೆಂದು ತಿಳಿದು ಹೀಗೆ ಹೇಳಿದರು: “ಘಾಟಿಯಲ್ಲಿ ಗುಡ್ಡ ಜರಿದಿದೆ ಅಂತ ತಿಳ್ಕೊಳ್ಳಿ ಅಮ್ಮ. ಮೇಲಿನ ಊರೂ ಉಂಟು, ಕೆಳಗಿನ ಊರೂ ಉಂಟು. ನಡುವೆ ರಸ್ತೆ ಇಲ್ಲ. ಬೇರೆ ದಾರಿ ಹುಡುಕ್ಬೇಕು.” ಬೇರೆ ದಾರಿ ಎಂದರೆ ಬೆರಳು. ಅಕ್ಷರದ ಮೇಲೆ ಬೆರಳಾಡಿಸಿದರೆ ಕೈ ಅದನ್ನು ಗುರುತಿಸಿ ತಲೆಗೆ ತಿಳಿಸಬಹುದಂತೆ. ಎಷ್ಟು ಕಾಲ ಹಿಡಿಯುತ್ತದೋ, ಎಷ್ಟು ಮರಳುತ್ತದೋ ಅವರಿಗೂ ಗೊತ್ತಿಲ್ಲ.

ಆಗ ನಿನ್ನ ನೆನಪಾಯಿತು. ಹಳೆಯ ಕಲ್ಲುಗಳನ್ನು ಹುಡುಕಿಕೊಂಡು ನಾವು ನಿನ್ನ ಜೀಪಿನಲ್ಲಿ ತಿರುಗುತ್ತಿದ್ದಾಗ, ಸವೆದು ಹೋದ ಶಾಸನವನ್ನು ನೀನು ಕಣ್ಣು ಮುಚ್ಚಿ ಬೆರಳಿನಲ್ಲಿ ಓದುತ್ತಿದ್ದೆ. ನಾನು ನಗುತ್ತಿದ್ದೆ. ನನಗೆ ಗೊತ್ತಿರುವವರಲ್ಲಿ ಹಾಗೆ ಓದುವವಳು ನೀನೊಬ್ಬಳೇ.

ಉತ್ತರ ಬರೆಯಬೇಕೆಂದೇನೂ ಇಲ್ಲ.

ಸುಂದರಿ


ಬಣಕಲ್
೨೬ ಸೆಪ್ಟೆಂಬರ್ ೧೯೯೮

ಸುಂದರಿ,

ಮೊದಲು ಭಟ್ಟರಿಗೆ ಒಂದು ಮಾತು. ಭಟ್ರೇ, ಇದನ್ನು ನಿಮ್ಮ ಹೆಂಡತಿಗೆ ಓದಿ ಹೇಳುತ್ತಿರುವವರು ನೀವೇ ಎಂದುಕೊಂಡಿದ್ದೇನೆ. ನಮಸ್ಕಾರ. ನಡುವೆ ಎಲ್ಲೂ ಹಾರಿಸಬೇಡಿ. ಬೈಗುಳ ಬಂದಲ್ಲಿ ದನಿ ತಗ್ಗಿಸಬೇಡಿ.

ಈಗ ನಿನಗೆ. ಮಾತು ಬಿಟ್ಟದ್ದು ನಾನಲ್ಲ ಎಂಬುದು ಮೊದಲು ಇತ್ಯರ್ಥವಾಗಲಿ. ನಮ್ಮ ತೋಟದ ಕೆರೆಯ ಪಕ್ಕದ ವೀರಗಲ್ಲು. ಸತ್ತವನ ನೆನಪಿಗೆ ಅದನ್ನು ನಿಲ್ಲಿಸಿದವರು ಯಾರು ಎನ್ನುವುದಷ್ಟೇ ಪ್ರಶ್ನೆಯಾಗಿತ್ತು. ‘ಬಮ್ಮವ್ವೆಯ ಮಗಳ್ ನಿಲಿಸಿದ ಕಲ್ಲು’ ಎಂದು ನಾನು ಓದಿದೆ. ‘ಮಗಳ್’ ಅಲ್ಲ, ‘ಮಗಂ’ ಎಂದು ನೀನು. ಮಗಳೋ ಮಗನೋ, ಕೊನೆಯ ಒಂದು ಅಕ್ಷರ. ಅದಕ್ಕೆ ಮೂಡಿಗೆರೆಯ ಸಭೆಯಲ್ಲಿ, ಅಷ್ಟು ಜನರ ಎದುರು, “ವಿಮಲಾ ಓದಿದ್ದು ಕಲ್ಲನ್ನಲ್ಲ, ತನ್ನ ಮನಸ್ಸನ್ನ. ಅವಳಿಗಿರೋದು ಹೆಣ್ಣುಮಕ್ಕಳೇ ಅಲ್ವಾ” ಎಂದೆ. ಜನ ನಕ್ಕರು. ಮಕ್ಕಳ ಬಗ್ಗೆ ನಮ್ಮ ಅತ್ತೆಯಿಂದ ನಾನು ಏನೇನು ಕೇಳಿದ್ದೆ ಎಂದು ನಿನಗೊಬ್ಬಳಿಗೇ ಗೊತ್ತಿತ್ತು. ನಾನು ಜೀಪು ಹತ್ತಿ ಮನೆಗೆ ಬಂದೆ.

ಇಷ್ಟು ಹೇಳಿಯಾಯಿತು. ಇನ್ನು ಹೇಳುವುದಿಲ್ಲ.

ನಿನ್ನ ಪತ್ರ ಬಂದಾಗ ಅಂಚೆಯವನ ಎದುರೇ ಒಡೆದು ಓದಿದೆ. ಎರಡು ಸಲ ಅಲ್ಲ. ಎಷ್ಟು ಸಲ ಎಂದು ಹೇಳುವುದಿಲ್ಲ. ಬರೆದದ್ದನ್ನು ನೀನೇ ಓದಲಾರೆ ಎಂದ ಮೇಲೆ ನಿನ್ನ ಪಾಲಿನದನ್ನೂ ನಾನೇ ಓದಬೇಕಲ್ಲ. ನಮ್ಮ ಯಜಮಾನರಿಗೆ ಹೇಳಿದೆ. ಮಂಜಯ್ಯನವರು ಕೇಳಿದವರೇ, “ಹಾಗಾದ್ರೆ ಆಯಮ್ಮ ಈಗ ನಮ್ಮ ಚಿಕ್ಕಯ್ಯನ ಹಾಗಾಯ್ತಲ್ಲ” ಎಂದರು. ಚಿಕ್ಕಯ್ಯ ಗೊತ್ತಲ್ಲ, ನಮ್ಮ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಹಾಕುವ ಕೆಲಸಕ್ಕೆ ನಮ್ಮ ಕಡೆ ಅದೆಂಥ ದೊಡ್ಡ ಹೆಸರು! ಅವನು ಬರೆದದ್ದನ್ನು ಅವನೂ ಓದಲಾರ, ನಾವೂ ಓದಲಾರೆವು. ಇನ್ನು ಮೇಲೆ ನೀನೂ ರೈಟರ್. ಬರೆಯುವುದಷ್ಟೇ.

ನಗು ಬಂತಾ? ಬಂದಿದ್ದರೆ ಮುಂದಿನದನ್ನು ಕೇಳು. ಹರಿವಾಣದಲ್ಲಿ ಅಕ್ಕಿ ಹರಡು. ನಿನ್ನ ತೋರುಬೆರಳನ್ನು ಭಟ್ಟರು ಹಿಡಿದು ಬರೆಸಲಿ. ನೀನು ಕಣ್ಣು ಮುಚ್ಚಿಕೋ. ಕಣ್ಣು ತೆರೆದಿದ್ದರೆ ಅದು ಬೆರಳಿಗೆ ಅವಕಾಶವನ್ನೇ ಕೊಡುವುದಿಲ್ಲ. ಕಲ್ಲಿನ ಮುಂದೆ ನಾನು ಕಲಿತದ್ದು ಅದೊಂದೇ.

ಅವಮಾನವಾಗುತ್ತದೆ, ಆಗಲಿ.

ವಿಮಲಾ


ಕಳಸ
೮ ಅಕ್ಟೋಬರ್ ೧೯೯೮

ಪ್ರಿಯ ವಿಮಲಾ,

ನಿನ್ನ ಪತ್ರವನ್ನು ಇವರು ಓದಿದರು. ಇವರಿಗೆ ಮಂತ್ರ ಓದಿ ರೂಢಿ, ಕಾಗದ ಓದಿ ರೂಢಿಯಿಲ್ಲ. ‘ಚಿಕ್ಕಯ್ಯ’ ಎಂಬುದನ್ನೂ ಅಷ್ಟೋತ್ತರದ ರಾಗದಲ್ಲೇ ಹೇಳಿದರು. ಅತ್ತೆಯ ವಿಷಯ ಬಂದಲ್ಲಿ ಮಾತ್ರ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಹಾರಿಸಲಿಲ್ಲ. ಆ ಮಾತಿಗೆ ಏನು ಬರೆಯಬೇಕೋ ಅದನ್ನು ಇನ್ನೊಬ್ಬರ ಕಿವಿಗೆ ಬೀಳುವ ಹಾಗೆ ಬರೆಯಲಾರೆ. ಎದುರು ಸಿಕ್ಕಾಗ ಹೇಳುತ್ತೇನೆ.

ಅಕ್ಕಿಯ ಮೇಲೆ ಬರೆದೆ. ಐದು ವರ್ಷದ ಮಗುವಿಗೆ ಮಾಡಿಸುವುದನ್ನು ನಲವತ್ತೇಳರಲ್ಲಿ ಮಾಡಿದೆ. ಮೊದಲ ವಾರ ಅಳು, ಅಷ್ಟೇ. ಆಮೇಲೆ ಇವರಿಗೆ ಒಂದು ಉಪಾಯ ಹೊಳೆಯಿತು. ಪೂಜೆ ಮುಗಿಸಿ ಬಂದವರು, ಗಂಧ ಮೆತ್ತಿದ ಬೆರಳಿನಿಂದಲೇ ನನ್ನ ಅಂಗೈ ಮೇಲೆ ಏನೋ ಎಳೆದರು. ತಣ್ಣಗಿತ್ತು. “ಎಂತ ಇದು ಹೇಳು?” ಎಂದರು. ಕಣ್ಣು ಮುಚ್ಚಿದ್ದೆ. ಒಮ್ಮೆಲೇ ‘ಮ’ ಎಂದು ಬಾಯಿಗೆ ಬಂತು. ಅಕ್ಷರ ಒಳಗಿನಿಂದ ಎದ್ದು ಬಂತು ವಿಮಲಾ, ಕಣ್ಣಿನ ದಾರಿಯಿಂದಲ್ಲ.

ನಾನು ಅತ್ತುಬಿಟ್ಟೆ. ಇವರು ಸಮಾಧಾನ ಮಾಡಲು ಧಾತುಪಾಠ ಶುರುಮಾಡಿದರು. “ಲಿಪಿ ಅಂದ್ರೆ ಮೂಲದಲ್ಲಿ ಬಳಿಯೋದು ಮಾರಾಯ್ತಿ. ಲೇಪ, ಲೇಪನ ಎಲ್ಲ ಅಲ್ಲಿಂದಲೇ ಬಂದದ್ದು. ಈಗ ನಾ ಮಾಡಿದ್ದೇ ಸರಿಯಾದ ಲಿಪಿ. ನೀವು ಟೀಚರುಗಳು ಚಾಕ್ ಹಿಡ್ಕೊಂಡು ಮಾಡೋದೆಲ್ಲ ಆಮೇಲಿನದ್ದು.”

ನಮ್ಮ ದೇವರ ಕೋಣೆಯಲ್ಲಿ ಮಾವನ ಕಾಲದ ತಾಳೆಗರಿಗಳ ಕಟ್ಟು ಇದೆ, ನೀನೂ ನೋಡಿದ್ದೀ. ತಿಗಳಾರಿ ಲಿಪಿಯಲ್ಲಿದೆ. ಮಾವ ಓದುತ್ತಿದ್ದರು, ಇವರಿಗೆ ಬರುವುದಿಲ್ಲ. ಆದರೂ ದಿನಾ ಒಂದು ಹೂವು ಇಡುತ್ತಾರೆ. ಅವತ್ತು ಕೇಳಿದೆ: “ಓದಲಿಕ್ಕೆ ಬಾರದ್ದಕ್ಕೆ ಹೂವು ಯಾಕೆ?” ಇವರು, “ಓದೋರು ಇಲ್ಲ ಅಂದ್ರೆ ಅದ್ರಲ್ಲಿ ಬರ್ದದ್ದು ಹೋಯ್ತಾ? ಅಲ್ಲೇ ಉಂಟಲ್ಲ” ಎಂದರು. ಅಕ್ಷರ ಎಂದರೆ ಕ್ಷರವಿಲ್ಲದ್ದು, ನಾಶವಾಗದ್ದು ಎಂದು ಪ್ರತಿ ಜೂನಿನಲ್ಲಿ ಎಂಟನೇ ತರಗತಿಗೆ ಹೇಳುತ್ತಿದ್ದವಳು ನಾನು. ಹೇಳುವಾಗ ನನಗೆ ಅದು ಬರೀ ವ್ಯುತ್ಪತ್ತಿಯಾಗಿತ್ತು.

ಈಗ ಒಂದು ಗುಟ್ಟು. ದೀಪಾವಳಿ ಕಳೆದ ಮೇಲೆ ಶಾಲೆಗೆ ಹೋಗುತ್ತೇನೆ. ಅಲ್ಲಿ ಯಾರಿಗೂ ಪೂರ್ತಿ ವಿಷಯ ಗೊತ್ತಿಲ್ಲ. ತಲೆನೋವು, ವಿಶ್ರಾಂತಿ ಎಂದಷ್ಟೇ ಗೊತ್ತು. ಪಾಠಗಳೆಲ್ಲ ನನಗೆ ಬಾಯಿಪಾಠ. ಪುಸ್ತಕ ಕೈಯಲ್ಲಿ ಹಿಡಿದುಕೊಂಡು ನೆನಪಿನಿಂದಲೇ ಹೇಳುತ್ತೇನೆ. ಬೋರ್ಡಿನ ಮೇಲೆ ಬರೆಯಲು ಹೇಗೂ ಬರುತ್ತದಲ್ಲ. ಓದಲು ಬಾರದ ಕನ್ನಡ ಟೀಚರ್ ಎಂದು ಕಳಸದ ಪೇಟೆಯಲ್ಲಿ ಹೆಸರಾಗುವುದಕ್ಕಿಂತ ಅದು ವಾಸಿ.

ನಿನ್ನ
ಸುಂದರಿ


ಬಣಕಲ್
೧೭ ಅಕ್ಟೋಬರ್ ೧೯೯೮

ಸುಂದರಿ,

ಬೇಡ.

ಪಾಠ ನಿನಗೆ ಬಾಯಿಪಾಠ ಇರಬಹುದು, ಮಕ್ಕಳು ನಿನಗೆ ಬಾಯಿಪಾಠ ಇಲ್ಲ. ಯಾವ ಹೊತ್ತಿಗೆ ಯಾವ ಮಗು ಏನು ತಂದು ನಿನ್ನ ಮುಂದೆ ಹಿಡಿಯುತ್ತದೋ! ಬರೆ ಎಂದರೆ ಬರೆಯುವುದೂ ಹೌದು, ಕಬ್ಬಿಣ ಕಾಯಿಸಿ ಮೈಮೇಲೆ ಎಳೆಯುವುದೂ ಹೌದು. ಬಚ್ಚಿಟ್ಟುಕೊಂಡು ಪಾಠ ಮಾಡಿದರೆ ಅದು ನೀನೇ ಎಳೆದುಕೊಳ್ಳುವ ಬರೆ. ಇನ್ನು ನಿನ್ನ ಇಷ್ಟ. ನೀನು ಯಾವತ್ತು ನನ್ನ ಮಾತು ಕೇಳಿದ್ದೀ?

ಇದರ ಜೊತೆಗೆ ಒಂದು ಸಣ್ಣ ಪೊಟ್ಟಣ ಇದೆ. ಭಟ್ರೇ, ಅದನ್ನು ಬಿಚ್ಚಬೇಡಿ, ಅವಳ ಕೈಗೇ ಕೊಡಿ. ಒಂದು ತುಂಡು ಬಟ್ಟೆಯ ಮೇಲೆ ಉಣ್ಣೆಯ ದಪ್ಪ ನೂಲಿನಲ್ಲಿ ಒಂದೇ ಒಂದು ಪದ ಹೊಲಿದಿದ್ದೇನೆ. ಹೊಲಿಗೆಯ ಮೇಲೆ ಬೆರಳಾಡಿಸಿ ಓದು, ಸುಂದರಿ. ಯಾರ ಸಹಾಯವೂ ಬೇಡ. ನಮ್ಮಿಬ್ಬರ ನಡುವೆ ಯಾರೂ ಓದಿ ಹೇಳದ ಒಂದು ಮಾತಾದರೂ ಇರಲಿ.

ವಿಮಲಾ


ಕಳಸ
೨೯ ನವೆಂಬರ್ ೧೯೯೮

ಪ್ರಿಯ ವಿಮಲಾ,

ಬರೆಯಲು ತಡವಾಯಿತು. ಎರಡು ಸಂಗತಿಗಳಿವೆ. ಒಳ್ಳೆಯದು ಆಮೇಲೆ.

ಶಾಲೆಗೆ ಹೋದೆ. ಕೆಲವು ದಿನ ಎಲ್ಲ ಸರಾಗವಾಗಿತ್ತು. ಪುಟ ತಿರುಗಿಸುವುದನ್ನೂ ಮರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಜವಾನ ಸುತ್ತೋಲೆ ತಂದ. ತರಗತಿಯಲ್ಲಿ ಗಟ್ಟಿಯಾಗಿ ಓದಿ ಸಹಿ ಹಾಕಬೇಕು, ಅದೇ ಪದ್ಧತಿ. ಕಾಗದ ಕೈಯಲ್ಲಿ ಹಿಡಿದು ನಿಂತೆ. ಬೆರಳಾಡಿಸಲು ಟೈಪು ಮಾಡಿದ ಅಕ್ಷರ ತೀರಾ ಸಣ್ಣದು, ಜವಾನ ಬೇರೆ ಎದುರೇ ಕಾಯುತ್ತಿದ್ದ. ಮರುದಿನ ರಜೆ ಇರಬಹುದೆಂದು ಸ್ಟಾಫ್ ರೂಮಿನಲ್ಲಿ ಬೆಳಿಗ್ಗೆ ಯಾರೋ ಅಂದದ್ದು ನೆನಪಿತ್ತು. “ನಾಳೆ ಶಾಲೆಗೆ ರಜೆ” ಎಂದು ಓದಿಬಿಟ್ಟೆ. ಸಹಿ ಹಾಕಿ ಕೊಟ್ಟೆ. ಸಹಿ ಮುತ್ತಿನ ಹಾಗೆ ಬಂದಿತ್ತಂತೆ.

ಆ ಸುತ್ತೋಲೆಯಲ್ಲಿ ಇದ್ದದ್ದು ಇಷ್ಟು: ನಾಳೆ ಇನ್‌ಸ್ಪೆಕ್ಟರು ಬರುತ್ತಾರೆ, ಎಲ್ಲ ಮಕ್ಕಳೂ ಸಮವಸ್ತ್ರದಲ್ಲಿ ತಪ್ಪದೆ ಹಾಜರಿರಬೇಕು.

ಮರುದಿನ ನನ್ನ ತರಗತಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಖಾಲಿ ಬೆಂಚುಗಳ ಮುಂದೆ ಇನ್‌ಸ್ಪೆಕ್ಟರು, ಅವರ ಹಿಂದೆ ನಮ್ಮ ಹೆಡ್‌ಮಾಸ್ಟರು ರೇವಣ್ಣನವರು, ಗೋಡೆಗೆ ಒರಗಿ ನಾನು. ಸಂಜೆ ಕರೆಸಿದರು. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಎಲ್ಲ ಹೇಳಿದೆ. ಬೋರ್ಡು, ಮಂಗಳೂರು, ಅಕ್ಕಿ, ಎಲ್ಲ. ಹೇಳುತ್ತ ಹೇಳುತ್ತ, ಇಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದೇ ಅಂದುಕೊಂಡಿದ್ದೆ.

ರೇವಣ್ಣನವರು ಪೇಪರ್‌ವೇಟನ್ನು ಅತ್ತಿತ್ತ ಉರುಳಿಸುತ್ತಿದ್ದರು. “ಅಲ್ಲ ಮೇಡಂ, ಮೊದ್ಲೇ ನನ್ ಹತ್ರ ಹೇಳ್ಬಾರ್ದಿತ್ತಾ? ನಾನೇನು ಹುಲಿಯಾ?” ಎಂದರು.

“ನಾಚಿಕೆಯಾಯ್ತು ಸಾರ್.”

“ಕಾಲು ಮುರಿದಿದ್ರೆ ನಾಚಿಕೆ ಆಗ್ತಿತ್ತಾ? ಇದೂ ಹಾಗೇ. ಬೇಸಿಗೆವರೆಗೆ ರಜೆ ಹಾಕಿ. ಆಮೇಲೆ ಬನ್ನಿ, ನೋಡುವ.”

ಕ್ಷಮಿಸುವವರು ಇಷ್ಟು ಸಲೀಸಾಗಿ ಕ್ಷಮಿಸುತ್ತಾರೆಂದು ಗೊತ್ತಿದ್ದರೆ ಎಷ್ಟು ಜನರ ಹತ್ತಿರ ಎಷ್ಟು ಬೇಗ ಹೋಗುತ್ತಿದ್ದೆನೋ.

ಇನ್ನು ಒಳ್ಳೆಯ ಸಂಗತಿ. ನಿನ್ನ ಬಟ್ಟೆಯ ತುಂಡು ದೀಪಾವಳಿಯಿಂದ ದಿಂಬಿನ ಕೆಳಗಿತ್ತು. ಮುಟ್ಟಿ ಮುಟ್ಟಿ ಬಿಡುತ್ತಿದ್ದೆ. ನೂಲು ನೂಲಾಗಿಯೇ ಉಳಿಯುತ್ತಿತ್ತು. ಶಾಲೆಯ ಗಲಾಟೆ ಆದ ಮರುದಿನ ಬೆಳಿಗ್ಗೆ ಬಿಸಿಲಿಗೆ ಕುಳಿತು, ಕಣ್ಣು ಮುಚ್ಚಿ ಮತ್ತೆ ಮುಟ್ಟಿದೆ. ಇನ್ನು ಮುಚ್ಚಿಡುವುದು ಏನೂ ಇರಲಿಲ್ಲ, ಅದಕ್ಕೋ ಏನೋ. ಮೊದಲನೆಯದು ‘ಕ’. ತಲೆಕಟ್ಟು, ಹೊಟ್ಟೆ, ನಡುವಿನ ಅಡ್ಡಗೆರೆ, ಎಲ್ಲ ಸಿಕ್ಕಿತು. ಎರಡನೆಯದು ‘ತ’ ಇರಬೇಕು, ಮೇಲೆ ಎತ್ವದ ಕೊಂಡಿ. ತೆ. ಕತೆ!

‘ಕತೆ’ ಎಂದು ಹೊಲಿದು ಕಳಿಸಿದ್ದಾಳೆ ಎಂದು ಎಷ್ಟು ಸಂತೋಷವಾಯಿತೆಂದರೆ, ಇವರನ್ನು ಕೂಗಿ ಕರೆದೆ. ವಿಮಲಾ ದೊಡ್ಡ ಮನುಷ್ಯಳು, ನಮ್ಮದೊಂದು ಕತೆ, ಅದಿನ್ನೂ ಮುಗಿದಿಲ್ಲ ಎಂದು ಸೂಚಿಸಿದ್ದಾಳೆ ಎಂದು ಭಾಷಣವನ್ನೇ ಮಾಡಿದೆ. ಇವರು ಬಟ್ಟೆ ನೋಡಿ ಒಳಗೆ ಹೋದರು. ಒಳಗಿನಿಂದ ಕೆಮ್ಮು ಕೇಳಿಸಿತು. ಕೆಮ್ಮಲ್ಲ, ನಗು. ಸಂಶಯ ಬಂದು ಮತ್ತೆ ಬೆರಳಾಡಿಸಿದೆ. ಈ ಸಲ ಬೆರಳು ಸಾಲು ಬಿಟ್ಟು ಕೆಳಕ್ಕೆ ಜಾರಿತು. ಕೆಳಗೆ ಏನೋ ಇತ್ತು. ಸಣ್ಣದೊಂದು ಬಾಲ.

ತ ಒತ್ತು.

ಕತ್ತೆ.

ರಕ್ತನಾಳ ಕಟ್ಟಿದ ಮೇಲೆ ನಾನು ಸ್ವತಃ ಓದಿದ ಮೊದಲನೆಯ ಪದ ‘ಕತ್ತೆ’, ವಿಮಲಾ. ಇಷ್ಟು ವರ್ಷ ಮಕ್ಕಳಿಗೆ ಒತ್ತಕ್ಷರ ಬಿಟ್ಟರೆ ಅರ್ಥ ಕೆಡುತ್ತದೆ ಎಂದು ಬೈದದ್ದಕ್ಕೆ ನನಗೆ ತಕ್ಕ ಪಾಠವಾಯಿತು. ಅಂಗಳದಲ್ಲಿ ಒಬ್ಬಳೇ ಕುಳಿತು ನಕ್ಕೆ, ಅತ್ತೆ. ಪಕ್ಕದ ಮನೆಯ ರುಕ್ಮಿಣಮ್ಮ ಬೇಲಿಯಿಂದ ಇಣುಕಿ, “ಕಾಯಿಲೆ ಜಾಸ್ತಿ ಆಯ್ತಾ ಹೇಗೆ?” ಎಂದು ಕೇಳಿದರು.

ಕತ್ತೆ ಎಂದು ಕರೆಯುವಷ್ಟು ಹತ್ತಿರ ನೀನು ಬಂದಿದ್ದೀ. ಇನ್ನೊಂದು ಪದ ಹೊಲಿದು ಕಳಿಸು.

ನಿನ್ನ
ಸುಂದರಿ


ಬಣಕಲ್
೧೪ ಫೆಬ್ರವರಿ ೧೯೯೯

ಇವರಿಗೆ ತ್ರಿಪುರಸುಂದರಿಯ ನಮಸ್ಕಾರಗಳು.

ಸುಖವಾಗಿ ಬಂದು ಸೇರಿದೆ. ಮಾಗುಂಡಿ ದಾಟುವವರೆಗೆ ವಿಮಲಾ ಜೀಪು ಓಡಿಸುತ್ತ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಆಮೇಲೆ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿದಳು. ಹೇಳಬೇಕಾದದ್ದನ್ನು ಹೇಳಿದೆ. “ಆಯ್ತು, ಸಾಕು” ಎಂದು ಮತ್ತೆ ಗೇರು ಹಾಕಿದಳು. ಅಷ್ಟೇ. ಪತ್ರದಲ್ಲಿ ಅಷ್ಟು ಮಾತಾಡುವವಳು ಎದುರಿಗೆ ಹೀಗೆ.

ಹಣ್ಣು ಕೊಯ್ಲು ಮುಗಿಯುತ್ತ ಬಂದಿದೆ. ಕಣದ ತುಂಬ ಕಾಫಿ ಒಣಗುವ ವಾಸನೆ. ನಿನ್ನೆ ಬೆಳಿಗ್ಗೆ ಅವಳು ಒಂದು ಬಟ್ಟಲು ಅಕ್ಕಿಹಿಟ್ಟು ಹಿಡಿದು “ನಡಿ” ಎಂದಳು. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ.

ಕಲ್ಲು ಅಲ್ಲೇ ಇದೆ. ತೊಳೆದಳು, ಒರೆಸಿದಳು, ಅಕ್ಷರ ಎದ್ದು ಕಾಣಲು ಹಿಟ್ಟು ಬಳಿದಳು. ಲಿಪಿ ಎಂದರೆ ಬಳಿಯುವುದು ಎಂದು ನೀವು ಹೇಳಿದ್ದನ್ನು ಅವಳಿಗೆ ಹೇಳಿದೆ. “ಭಟ್ರು ಬುದ್ಧಿವಂತರು, ನಿನ್ನನ್ನ ಹೇಗೆ ಕಟ್ಕೊಂಡ್ರೋ” ಎಂದಳು. ನಾನು ಕಣ್ಣು ಮುಚ್ಚಿ ಮೊದಲನೇ ಸಾಲಿನಿಂದ ಬೆರಳಿಟ್ಟೆ. ಕಣ್ಣು ಮುಚ್ಚಿದರೆ ಕಾಗದದ ಮೇಲಿನ ಶಾಯಿ ಬೆರಳಿಗೆ ಏನೂ ಹೇಳುವುದಿಲ್ಲ, ಇಲ್ಲಿ ಹಾಗಲ್ಲ. ಎಂಟುನೂರು ವರ್ಷದ ಹಿಂದೆ ಯಾರೋ ಉಳಿಯಿಂದ ಕೊರೆದ ಕಾಲುವೆಯಲ್ಲಿ ನನ್ನ ಬೆರಳು ನೀರಿನ ಹಾಗೆ ಹೋಯಿತು. ‘ಸ್ವಸ್ತಿ’ ಬಂತು. ‘ಶ್ರೀ’ ಬಂತು. ತಡವರಿಸಿದೆ, ಎರಡು ಕಡೆ ಬಿಟ್ಟುಬಿಟ್ಟೆ. ಆದರೆ ಓದಿದೆ. ಕಾಫಿ ಕೊಯ್ಯುವ ಹೆಂಗಸರು ಬುಟ್ಟಿ ಇಳಿಸಿ ನೋಡುತ್ತ ನಿಂತರು. ನಾನು ದೇವರು ಬಂದವಳ ಹಾಗೆ ಕಂಡಿರಬೇಕು. ಮುದ್ದಮ್ಮ ಎಂಬ ಮುದುಕಿ ಕೈಮುಗಿದಳಂತೆ.

ಕೊನೆಯ ಸಾಲಿಗೆ ಬರುವಾಗ ವಿಮಲಾ ದೂರ ಸರಿದು ಕೂತಳು. ‘ಬಮ್ಮವ್ವೆಯ’ ಸಿಕ್ಕಿತು. ‘ಮಗ’ ಸಿಕ್ಕಿತು. ಮುಂದಿನದರ ಮೇಲೆ ಬೆರಳಿಟ್ಟೆ. ಇನ್ನೊಮ್ಮೆ ಇಟ್ಟೆ. ಉಗುರಿನಿಂದ ಅಂಚು ಹುಡುಕಿದೆ.

“ವಿಮಲಾ, ಬಾ ಇಲ್ಲಿ.”

“ಯಾವುದು ಹೇಳು. ಕೂತಲ್ಲೇ ಕೇಳ್ತೀನಿ.”

“ಇಲ್ಲಿ ಅಕ್ಷರವೇ ಇಲ್ಲ ಮಾರಾಯ್ತಿ. ಕಲ್ಲಿನ ಚಕ್ಕೆ ಎದ್ದು ಹೋಗಿದೆ. ಉಳಿ ತಾಗಿದ ಗುರುತೇ ಇಲ್ಲ.”

ಅವಳು ಬಂದು ಕಣ್ಣು ಮುಚ್ಚಿ ಬೆರಳಿಟ್ಟಳು. ಬೆರಳು ತೆಗೆಯಲೇ ಇಲ್ಲ. ಆಗ ಜಗಳದ ಉಮೇದಿನಲ್ಲಿ ಇಬ್ಬರೂ ಕಣ್ಣಿನಿಂದಲೇ ನೋಡಿದ್ದೆವು. ಆ ಕುಳಿಯ ನೆರಳು ಅವಳಿಗೆ ‘ಳ್’ ಆಗಿ ಕಂಡಿತ್ತು, ನನಗೆ ಸೊನ್ನೆಯಾಗಿ. ಮೂರು ವರ್ಷ ಒಂದು ಪೆಟ್ಟಿನ ಗಾಯವನ್ನು ಅಕ್ಷರವೆಂದು ಓದಿ ಜಗಳವಾಡಿದ್ದೆವು. ಇಬ್ಬರೂ ಕಲ್ಲಿಗೆ ಒರಗಿ ನಕ್ಕ ಸದ್ದಿಗೆ ಮಂಜಯ್ಯನವರು ಓಡಿ ಬಂದರು. ವಿಷಯ ತಿಳಿದು, “ಇಷ್ಟಕ್ಕೆ ಇಷ್ಟು ದಿನ ಇಬ್ರೂ ಮುಖ ಊದಿಸ್ಕೊಂಡಿದ್ರಾ?” ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡರು.

ಮಗನೋ ಮಗಳೋ ಇನ್ನು ಯಾರಿಗೂ ತಿಳಿಯುವುದಿಲ್ಲ. “ಮಗು ಅಂತ ಇಟ್ಕೊಳ್ಳುವ” ಎಂದಳು ವಿಮಲಾ. ಪಂಡಿತರು ಒಪ್ಪಲಿಕ್ಕಿಲ್ಲ. ನಾವಿಬ್ಬರೂ ಒಪ್ಪಿದೆವು.

ಇನ್ನೂ ಕೆಲವು ದಿನ ಇರು ಎನ್ನುತ್ತಿದ್ದಾಳೆ. ಹಟ್ಟಿಯಲ್ಲಿ ಕಪಿಲೆಯ ದಿನ ತುಂಬಿದೆ, ನೀವೊಬ್ಬರೇ ಎಂಬುದೇ ಯೋಚನೆ. ಹೇಗಿದೆ ಎಂದು ಬರೆಯಿರಿ.

ತ್ರಿಪುರಸುಂದರಿ


ಕಳಸ
೧೯ ಫೆಬ್ರವರಿ ೧೯೯೯

ಚಿ. ಸೌ. ತ್ರಿಪುರಸುಂದರಿಗೆ ಆಶೀರ್ವಾದಗಳು.

ಬೇರೆ ಯಾರ ಹತ್ತಿರವೂ ಓದಿಸಬೇಡ. ದೊಡ್ಡದಾಗಿ, ಬಿಡಿಬಿಡಿಯಾಗಿ, ಅಂಟಿನಲ್ಲಿ ಬರೆದು ಮೇಲೆ ಮರಳು ಉದುರಿಸಿದ್ದೇನೆ.

ಕಪಿಲೆ ಕರು ಹಾಕಿತು.
ಹೆಣ್ಣು.
ನಿಧಾನ ಬಾ.

ರಮಾಕಾಂತ ಭಟ್ಟ


ಬಣಕಲ್
೯ ಮೇ ೧೯೯೯

ಸುಂದರಿ,

ನಿನ್ನ ರಾಜೀನಾಮೆಯ ಪತ್ರ ಬಂತು. ರೇವಣ್ಣನವರಿಗೆ ಕೊಡುವ ಮೊದಲು ನನಗೆ ತೋರಿಸಲು ಕಳಿಸಿದ್ದೀ. ಓದಿದೆ. ಒಲೆಗೆ ಹಾಕಿದೆ. ಓಲೆ ಒಲೆಗೆ ಹೋಯಿತು. ಬೇಕಾದರೆ ಇನ್ನೊಂದು ಬರೆದುಕೋ, ಅದಕ್ಕೇನು, ನೀನು ರೈಟರ್.

ಆದರೆ ಅದಕ್ಕೆ ಮೊದಲು ಇಷ್ಟನ್ನು ಓದು. ಸಾಲಿನ ನಡುವೆ ಜಾಗ ಬಿಟ್ಟು, ಪೆನ್ನು ಒತ್ತಿ ಬರೆಯುತ್ತಿದ್ದೇನೆ. ಒಂದು ದಿನ ಹಿಡಿಯಲಿ, ಎರಡು ದಿನ ಹಿಡಿಯಲಿ, ನೀನೇ ಓದಬೇಕು.

ನೀನು ಮೊದಲಿನ ಹಾಗೆ ಆಗುವುದಿಲ್ಲ. ಆಗುತ್ತೀ ಎಂದು ನಾನು ಹೇಳಿದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಅಕ್ಷರದ ಗೆರೆ ನೋಡುತ್ತ ಬೆರಳಿನಿಂದ ತಿದ್ದುತ್ತ ಹೋದರೆ ಒಂದು ಪುಟಕ್ಕೆ ಅರ್ಧ ಗಂಟೆ ಬೇಕು, ಸಂಜೆಯಾದರೆ ಅಕ್ಷರಗಳು ಮತ್ತೆ ಗೀಚಾಗುತ್ತವೆ, ರಾಶಿ ಉತ್ತರಪತ್ರಿಕೆ ತಿದ್ದಲು ಆಗುವುದಿಲ್ಲ ಎಂದು ಬರೆದಿದ್ದೀ. ನಿಜ. ಆದರೆ ಭಟ್ಟರ ಆ ಕಾಗದ ಬಂದ ಬೆಳಿಗ್ಗೆ ನೀನು ನಮ್ಮ ಜಗಲಿಯ ಮೇಲೆ ಕೂತಿದ್ದೆ. ನಾನು ಇಣುಕಲಿಲ್ಲ. ನಿನ್ನ ಬೆರಳು ಮರಳಿನ ಮೇಲೆ ಹೋಗುತ್ತಿತ್ತು. ನಡುವೆ ಎಲ್ಲೋ ನಿಂತೆ, ಹಿಂದೆ ಹೋದೆ, ಮತ್ತೆ ಮುಂದೆ ಬಂದೆ. ಆಮೇಲೆ ನಿನ್ನ ಮುಖ ಬೆಳಗಿತು. “ಹೆಣ್ಣು ಕರು!” ಎಂದು ಕೂಗಿದೆ. ನಾವೆಲ್ಲ ಸರ್ರನೆ ಓದಿ ಬಿಸಾಡುವವರು, ಸುಂದರಿ. ಒಂದು ಪದ ಅರ್ಥವಾಗುವುದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಓದು ಎಂದರೇನು ಎಂದು ಮಕ್ಕಳಿಗೆ ತೋರಿಸಲು ಇನ್ನು ಬೇರೆ ಯಾರು ಬೇಕು?

ಮಳೆ ಸರಿಯಾಗಿ ಬಿದ್ದು ತೋಟ ಹೂವಾಗಿತ್ತು, ನೀನು ನೋಡಲಿಲ್ಲ. ಈಗ ಕಾಯಿ ಕಚ್ಚಿದೆ. ಶಾಲೆ ಶುರುವಾದ ಮೇಲೆ ಬರೆ.

ವಿಮಲಾ


ಕಳಸ
೩ ಜೂನ್ ೧೯೯೯

ಪ್ರಿಯ ವಿಮಲಾ,

ಶಾಲೆ ಶುರುವಾಯಿತು. ಎಂಟನೇ ತರಗತಿಗೆ ಹೋದೆ. ಒಂದಿಷ್ಟೂ ಹೆದರಿಕೆಯಾಗಲಿಲ್ಲ.

ರೇವಣ್ಣನವರೇ ಜೊತೆಗೆ ಬಂದರು, ಬಾಗಿಲಲ್ಲಿ ನಿಂತರು. ನಾನು ಹಾಜರಿ ಕರೆಯಲಿಲ್ಲ. ಪ್ರತಿಯೊಬ್ಬರೂ ಎದ್ದು ತಮ್ಮ ತಮ್ಮ ಹೆಸರು ಹೇಳಲಿ ಎಂದೆ. ಆಮೇಲೆ ಸುತ್ತು ಬಳಸದೆ ಹೇಳಿದೆ: ನನಗೆ ಒಂದು ಕಾಯಿಲೆಯಾಗಿತ್ತು, ಬರೆಯುತ್ತೇನೆ, ಆದರೆ ಓದುವುದು ಬಹಳ ನಿಧಾನ. ಆದ್ದರಿಂದ ಈ ತರಗತಿಯಲ್ಲಿ ಓದುವವರು ನೀವು, ಕೇಳುವವಳು ನಾನು. ತಪ್ಪು ಓದಿದರೆ ಗೊತ್ತಾಗುವುದಿಲ್ಲ ಎಂದು ತಿಳಿಯಬೇಡಿ. ಕಿವಿ ಎರಡೂ ಚೆನ್ನಾಗಿವೆ.

ಗಗನಾ ಎಂಬ ಹುಡುಗಿ, ಸಂಸೆ ಕಡೆಯವಳು, ಕೈ ಎತ್ತಿದಳು.

“ಟೀಚರ್, ನಂಗೂ ನಿಧಾನ. ಪರವಾಗಿಲ್ವಾ?”

“ಎಷ್ಟು ನಿಧಾನ?”

“ತುಂಬ ನಿಧಾನ. ಎಲ್ರೂ ನಗ್ತಾರೆ.”

“ಹಾಗಾದ್ರೆ ಇಬ್ರೂ ಒಟ್ಟಿಗೆ ಓದುವ ಬಾ. ಯಾರು ಹಿಂದೆ ಬೀಳ್ತಾರೆ ನೋಡುವ” ಎಂದೆ.

ಅವಳು ಬಂದು ಪಕ್ಕ ನಿಂತಳು. ಒಂದೇ ಪುಸ್ತಕ, ಎರಡು ಬೆರಳು. ಒಂದು ಸಾಲಿಗೆ ಎಷ್ಟು ಹೊತ್ತು ಹಿಡಿಯಿತೋ. ಯಾರೂ ನಗಲಿಲ್ಲ. ಎರಡನೇ ಸಾಲಿನಲ್ಲಿ ಅವಳು ನನಗಿಂತ ಮುಂದೆ ಹೋಗಿ, ತಿರುಗಿ ನೋಡಿ, ನನ್ನ ಬೆರಳು ಬರುವವರೆಗೆ ಕಾದಳು. ಬಾಗಿಲ ಕಡೆ ನೋಡಿದರೆ ರೇವಣ್ಣನವರು ಯಾವಾಗಲೋ ಹೊರಟುಹೋಗಿದ್ದರು.

ಇಷ್ಟನ್ನು ಮಧ್ಯಾಹ್ನ ಬರೆದು ಮುಗಿಸಿದೆ. ಅಂಚೆಗೆ ಹಾಕಲು ಹೊರಟವಳು ಮತ್ತೆ ಕೂತೆ. ಸೆಪ್ಟೆಂಬರಿನಿಂದ ನಿನಗೆ ಎಷ್ಟು ಬರೆದಿದ್ದೇನೆ! ಅದರಲ್ಲಿ ಒಂದು ಸಾಲನ್ನೂ ನಾನು ಓದಿ ನೋಡಿದವಳಲ್ಲ. ಬಾವಿಗೆ ಕಲ್ಲು ಹಾಕಿದ ಹಾಗೆ ಹಾಕಿ ಬರುತ್ತಿದ್ದೆ. ಇವತ್ತು ಬಿಸಿಲಿಗೆ ಹಿಡಿದು, ಮೊದಲಿನಿಂದ, ನಾನು ಬರೆದದ್ದನ್ನು ನಾನೇ ಓದಿದೆ. ಬರೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ‘ಬಳಸದೆ’ ಎಂಬಲ್ಲಿ ಸ ಬಿಟ್ಟುಹೋಗಿತ್ತು, ಸೇರಿಸಿದ್ದೇನೆ.

ಇನ್ನೊಂದು ತಪ್ಪೂ ಸಿಕ್ಕಿತು. ಮೇಲೆ, ಶುರುವಿನಲ್ಲೇ, ‘ಒಂದಿಷ್ಟೂ ಹೆದರಿಕೆಯಾಗಲಿಲ್ಲ’ ಎಂದಿದ್ದೇನಲ್ಲ, ಓದಿದಾಗ ಅದು ಸುಳ್ಳೆಂದು ಗೊತ್ತಾಯಿತು. ಬರೆಯುವಾಗ ಗೊತ್ತಾಗಿರಲಿಲ್ಲ. ಆಯಿತು ವಿಮಲಾ. ಮೆಟ್ಟಿಲ ಬಳಿ ಎರಡು ಸಲ ಹಿಂದಕ್ಕೆ ತಿರುಗಿದ್ದೆ. ನಾಳೆಯೂ ತಿರುಗಬಹುದು. ಆ ಸಾಲನ್ನು ಹೊಡೆದು ಹಾಕಲು ಹೋಗಿ ಬಿಟ್ಟಿದ್ದೇನೆ. ಎರಡನ್ನೂ ನೀನು ಓದು.

ನಾಳೆ ಬೆಳಿಗ್ಗೆ ಮೊದಲನೇ ಪೀರಿಯಡ್ಡೇ ನನ್ನದು. ಗಗನಾ ಎರಡನೇ ಪ್ಯಾರಾ ಮನೆಯಲ್ಲಿ ಓದಿಕೊಂಡು ಬರುತ್ತಾಳಂತೆ. ನಾನೂ ಈಗ ಕೂರಬೇಕು.

ನಿನ್ನ
ಸುಂದರಿ